ಕರುವಿಗೆ ಭೇದಿ: ಬೋಲಸ್ಸೋ, ಇಂಜೆಕ್ಷನ್ನೋ, ಬರೀ ನೀರೋ?

ಕರು ತೆಳ್ಳಗೆ ಸಗಣಿ ಹಾಕಲು ಶುರು ಮಾಡಿದ ತಕ್ಷಣ ಹೆಚ್ಚಿನ ಮನೆಗಳಲ್ಲಿ ಆಗುವುದು ಒಂದೇ. ಯಾರಾದರೂ ಬೈಕ್ ಹತ್ತಿ ಪಶು ಔಷಧಿ ಅಂಗಡಿಗೆ ಹೋಗುತ್ತಾರೆ, "ಭೇದಿಗೆ ಬೋಲಸ್ ಕೊಡಿ" ಅನ್ನುತ್ತಾರೆ (ಬೋಲಸ್ ಅಂದರೆ ದನಕರುಗಳಿಗೆ ನುಂಗಿಸುವ ದೊಡ್ಡ ಮಾತ್ರೆ). ಅಂಗಡಿಯವರು ಕೊಡುತ್ತಾರೆ. ಅದರಲ್ಲಿ ಸಲ್ಫಾ ಇದೆಯೋ, ನಾರ್‌ಫ್ಲಾಕ್ಸಾಸಿನ್ ಇದೆಯೋ, ಮೆಟ್ರೋನಿಡಜೋಲ್ ಇದೆಯೋ ಅಂತ ಇವರು ಕೇಳುವುದಿಲ್ಲ, ಕರುವಿಗೆ ಎಷ್ಟು ದಿನ, ಜ್ವರ ಇದೆಯಾ ಅಂತ ಅವರೂ ಕೇಳುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಾಯಿಂದ ಕೊಡುವ ಆಂಟಿಬಯೋಟಿಕ್ ಕರು ಭೇದಿಗೆ ಮೊದಲ ಮದ್ದಲ್ಲ. ಎಷ್ಟೋ ಸಲ ಎರಡನೆಯದೂ ಅಲ್ಲ. ಕೆಲವು ಕಡೆ ಅದು ನಿಜವಾಗಿ ಬೇಕು, ಅಲ್ಲಿ ಕೊಡದೆ ಇದ್ದರೆ ತಪ್ಪು. ಆದರೆ ಯಾವ ಕಡೆ ಅನ್ನುವುದನ್ನು ಸಗಣಿಯ ಬಣ್ಣ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ. ಬಿಳಿ ಇದ್ದರೆ ಈ ಮಾತ್ರೆ, ಹಳದಿ ಇದ್ದರೆ ಆ ಮಾತ್ರೆ ಅಂತ ಊರಲ್ಲಿ ಹೇಳುತ್ತಾರಲ್ಲ, ಅದನ್ನು ಬದಿಗಿಡಿ. ನೋಡಬೇಕಾದ್ದು ಬೇರೆ ಇದೆ.

ಮೊದಲು ವಯಸ್ಸು

ಕರುವಿನ ವಯಸ್ಸು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಯಾವ ರೋಗಾಣು ಯಾವ ವಯಸ್ಸಿನಲ್ಲಿ ಬರುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ.

ಹುಟ್ಟಿ ನಾಲ್ಕೈದು ದಿನದೊಳಗೆ ನೀರಿನ ಹಾಗೆ ಭೇದಿ ಆದರೆ ಮೊದಲ ಅನುಮಾನ ಇ-ಕೋಲೈ ಬ್ಯಾಕ್ಟೀರಿಯಾದ ಮೇಲೆ. ಇದು ತುಂಬಾ ಬೇಗ ಕರುವನ್ನು ಕೆಡವುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಕರು ಸಂಜೆಗೆ ಏಳದೆ ಮಲಗಿರುತ್ತದೆ. ಐದನೇ ದಿನದಿಂದ ಮೂರು ವಾರದವರೆಗೆ ಬರುವ ಭೇದಿಯಲ್ಲಿ ರೋಟಾ ವೈರಸ್, ಕೊರೊನಾ ವೈರಸ್ (ಮನುಷ್ಯರಿಗೆ ಬಂದದ್ದಲ್ಲ, ದನಗಳದ್ದೇ ಬೇರೆ), ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಏಕಕೋಶ ಜೀವಿ ಇವು ಮುಖ್ಯ. ಈ ಮೂರಕ್ಕೂ ಅಂಗಡಿಯ ಯಾವ ಆಂಟಿಬಯೋಟಿಕ್ ಬೋಲಸ್ಸೂ ಕೆಲಸ ಮಾಡುವುದಿಲ್ಲ. ವೈರಸ್ಸಿಗೆ ಆಂಟಿಬಯೋಟಿಕ್ ಅಂದರೆ ಸುಮ್ನೆ ದುಡ್ಡು ದಂಡ. ಬೋಲಸ್ ಕೊಟ್ಟ ಮೇಲೆ ಕರು ಹುಷಾರಾದರೆ ಎಲ್ಲರೂ ಬೋಲಸ್ಸಿನಿಂದಲೇ ಅಂದುಕೊಳ್ಳುತ್ತಾರೆ. ಆದರೆ ನೀರು ಮತ್ತು ಹಾಲು ಸರಿಯಾಗಿ ಸಿಕ್ಕ ಕರುವಿನಲ್ಲಿ ವೈರಸ್ ಭೇದಿ ಕೆಲವು ದಿನಗಳಲ್ಲಿ ತಾನಾಗಿಯೇ ನಿಲ್ಲುತ್ತದೆ.

ಮೂರು ವಾರ ದಾಟಿದ ಮೇಲೆ ಚಿತ್ರ ಬದಲಾಗುತ್ತದೆ. ಈಗ ರಕ್ತ ಬೆರೆತ ಭೇದಿ, ಬಾಲ ಎತ್ತಿ ತಿಣುಕುವುದು ಕಂಡರೆ ಕಾಕ್ಸಿಡಿಯಾ (ಕರುಳಿನಲ್ಲಿ ಬೆಳೆಯುವ ಇನ್ನೊಂದು ಏಕಕೋಶ ಜೀವಿ) ನೆನಪಾಗಬೇಕು. ಎಮ್ಮೆ ಕರುಗಳಲ್ಲಂತೂ ಎರಡನೇ ವಾರದಿಂದಲೇ ದುಂಡು ಹುಳುವಿನ ಕಾಟ ಶುರುವಾಗುತ್ತದೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಎರಡು ವಾರದಿಂದ ಎರಡು ಮೂರು ತಿಂಗಳವರೆಗಿನ ಕರುಗಳಲ್ಲಿ ಜಾಸ್ತಿ. ಜೋರು ಜ್ವರ, ಕೆಟ್ಟ ವಾಸನೆ, ಲೋಳೆ, ಕೆಲವೊಮ್ಮೆ ರಕ್ತ. ಇದು ಮನೆಯಲ್ಲಿ ನೋಡಿಕೊಳ್ಳುವ ಕಾಯಿಲೆ ಅಲ್ಲ.

ಥರ್ಮಾಮೀಟರ್, ಬೆರಳು, ಕಣ್ಣು

ವಯಸ್ಸು ಗೊತ್ತಾಯಿತು. ಈಗ ಕರುವಿನ ಹತ್ತಿರ ಹೋಗಿ ಮೂರು ಕೆಲಸ ಮಾಡಿ.

ಒಂದು, ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಡಿಜಿಟಲ್ ಥರ್ಮಾಮೀಟರ್ ಸಾಕು, ಆದರೆ ಅದನ್ನು ಕೊಟ್ಟಿಗೆಗೆ ಅಂತಲೇ ಬೇರೆ ಇಡಿ. ಕರುವಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಾಮಾನ್ಯ. 103 ದಾಟಿದರೆ ಜ್ವರ ಅನ್ನಿ. ಏಪ್ರಿಲ್ ಮಧ್ಯಾಹ್ನ ತಗಡಿನ ಶೀಟ್ ಕೆಳಗೆ ಕಟ್ಟಿದ ಕರುವಿಗೆ ಸ್ವಲ್ಪ ಹೆಚ್ಚು ತೋರಿಸುತ್ತದೆ, ಅದಕ್ಕೆ ಬೆಳಗಿನ ತಂಪಿನಲ್ಲಿ ನೋಡುವುದು ಒಳ್ಳೆಯದು. 100ಕ್ಕಿಂತ ಕೆಳಗೆ ಇಳಿದಿದ್ದರೆ "ಜ್ವರ ಇಲ್ಲ, ಪರವಾಗಿಲ್ಲ" ಅಂದುಕೊಳ್ಳಬೇಡಿ. ಮೈ ತಣ್ಣಗಾದ ಕರು ಜ್ವರ ಬಂದ ಕರುವಿಗಿಂತ ಹೆಚ್ಚು ಅಪಾಯದಲ್ಲಿದೆ.

ಎರಡು, ಕೈ ತೊಳೆದುಕೊಂಡು ಕರುವಿನ ಬಾಯಿಗೆ ಬೆರಳು ಕೊಡಿ. ಗಟ್ಟಿಯಾಗಿ ಚೀಪಿದರೆ ಒಳ್ಳೆಯ ಲಕ್ಷಣ. ಚೀಪುವುದೇ ಇಲ್ಲ, ಬಾಯಿ ಒಳಗೆ ತಣ್ಣಗಿದೆ ಅಂದರೆ ಡಾಕ್ಟರನ್ನು ಕರೆಯುವುದಕ್ಕೆ ಇನ್ನು ಕಾಯಬೇಡಿ.

ಮೂರು, ಕಣ್ಣು ಮತ್ತು ಕುತ್ತಿಗೆಯ ಚರ್ಮ. ಕಣ್ಣುಗುಡ್ಡೆ ಗುಳಿ ಬಿದ್ದಿದೆಯಾ? ಕುತ್ತಿಗೆಯ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟರೆ ಕೂಡಲೇ ಸಮ ಆಗುತ್ತದಾ, ಇಲ್ಲ ಮಡಿಕೆ ಹಾಗೇ ಎರಡು ಮೂರು ಸೆಕೆಂಡ್ ನಿಲ್ಲುತ್ತದಾ? ಮೈಯ ನೀರು ತೂಕದ ಶೇ. 5ರಷ್ಟು ಹೋಗುವವರೆಗೆ ಹೊರಗೆ ಹೆಚ್ಚೇನೂ ಕಾಣುವುದಿಲ್ಲ. ಕಣ್ಣು ಗುಳಿ ಬಿದ್ದು ಮಡಿಕೆ ನಿಂತಿತು ಅಂದರೆ ಆಗಲೇ ಶೇ. 8ರ ಹತ್ತಿರ ಬಂದಿದೆ. 30 ಕಿಲೋ ಕರುವಿನಲ್ಲಿ ಅದು ಎರಡು ಲೀಟರಿಗಿಂತ ಹೆಚ್ಚು.

ಈ ಮೂರರಿಂದ ತೀರ್ಮಾನ ಸುಮಾರಾಗಿ ಬಂದುಬಿಡುತ್ತದೆ. ಜ್ವರ ಇಲ್ಲ, ಹಾಲು ಕುಡಿಯುತ್ತಿದೆ, ಎದ್ದು ಓಡಾಡುತ್ತಿದೆ, ಸಗಣಿಯಲ್ಲಿ ರಕ್ತ ಇಲ್ಲ: ಇಂಥ ಕರುವಿಗೆ ಆಂಟಿಬಯೋಟಿಕ್ ಬೇಡ, ನೀರು ಸಾಕು. ಜ್ವರ ಇದೆ, ಇಲ್ಲವೇ ಹಾಲು ಬಿಟ್ಟಿದೆ, ಮಂಕಾಗಿ ಮಲಗಿದೆ, ರಕ್ತ ಬರುತ್ತಿದೆ: ಈಗ ಆಂಟಿಬಯೋಟಿಕ್ ಮಾತಾಡಬಹುದು. ಆದರೆ ಆಗಲೂ ಮಾತ್ರೆಗಿಂತ ಇಂಜೆಕ್ಷನ್ ಮುಂದೆ ಬರುತ್ತದೆ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ನೀರಿನ ವಿಷಯ, ಇದನ್ನು ಬಿಡಬೇಡಿ

ಭೇದಿಯಿಂದ ಸಾಯುವ ಕರುಗಳಲ್ಲಿ ಹೆಚ್ಚಿನವು ಸಾಯುವುದು ನೀರು, ಉಪ್ಪು ಕಳೆದುಕೊಂಡು, ರಕ್ತದಲ್ಲಿ ಆಮ್ಲ ಏರಿ. ರೋಗಾಣುವನ್ನು ಕೊಂದರೂ ಹೋದ ನೀರು ವಾಪಸ್ ಬರುವುದಿಲ್ಲ. ಅದನ್ನು ನಾವೇ ತುಂಬಬೇಕು.

ಇಲ್ಲಿ ಒಂದು ಮುಖ್ಯ ವಿಷಯ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಮಕ್ಕಳಿಗೆ ಭೇದಿ ಆದಾಗ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕುಡಿಸುತ್ತೇವೆ, ಕೆಲಸ ಮಾಡುತ್ತದೆ. ಅದನ್ನೇ ಕರುವಿಗೆ ಕೊಡುತ್ತಾರೆ. ಆದರೆ ಎಳೆಗರುವಿನ ಕರುಳಿನಲ್ಲಿ ಸಕ್ಕರೆಯನ್ನು ಒಡೆಯುವ ಕಿಣ್ವ ಇಲ್ಲ. ಜೀರ್ಣವಾಗದ ಸಕ್ಕರೆ ಕರುಳಿನಲ್ಲೇ ಉಳಿದು ಇನ್ನಷ್ಟು ನೀರನ್ನು ಎಳೆದುಕೊಳ್ಳುತ್ತದೆ, ಭೇದಿ ಜಾಸ್ತಿ ಆಗುತ್ತದೆ. ಬೆಲ್ಲವೂ ಅಷ್ಟೇ. ಕರುವಿಗೆ ಬೇಕಾದ್ದು ಗ್ಲೂಕೋಸ್. ಕರುಗಳಿಗೆ ಅಂತಲೇ ಬರುವ ಎಲೆಕ್ಟ್ರೋಲೈಟ್ ಪುಡಿ ಸಿಕ್ಕರೆ ಅದು ಎಲ್ಲಕ್ಕಿಂತ ಒಳ್ಳೆಯದು. ರಾತ್ರಿ ಹೊತ್ತು ಅದು ಸಿಗದಿದ್ದರೆ ಮೆಡಿಕಲ್ ಶಾಪಿನ ಓಆರ್‌ಎಸ್ ಪೊಟ್ಟಣ ಆಗುತ್ತದೆ. ಅದರಲ್ಲಿ ಗ್ಲೂಕೋಸೇ ಇರುತ್ತದೆ, ಆಮ್ಲ ತಗ್ಗಿಸುವ ಸಿಟ್ರೇಟ್ ಕೂಡ ಇರುತ್ತದೆ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕ ಪೊಟ್ಟಣ ಒಂದು ಲೋಟಕ್ಕೆ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟೇ ಹಾಕಿ. ಗಟ್ಟಿ ಮಾಡಿ ಕೊಟ್ಟರೆ ಬೇಗ ಗುಣ ಆಗುತ್ತದೆ ಅನ್ನುವುದು ತಪ್ಪು, ಉಪ್ಪು ಹೆಚ್ಚಾಗಿ ಕರುವಿಗೆ ತೊಂದರೆ ಆಗುತ್ತದೆ. ಹೆಸರು ನೋಡಿ ತರುವಾಗಲೂ ಎಚ್ಚರ: ಟೆಟ್ರಾ ಪ್ಯಾಕಿನಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪಾನೀಯಗಳೆಲ್ಲ ಓಆರ್‌ಎಸ್ ಅಲ್ಲ.

ಎಷ್ಟು ಕೊಡಬೇಕು? 30 ಕಿಲೋ ತೂಗುವ ಸೀಮೆ ಹಸುವಿನ ಕರುವಿಗೆ ದಿನಕ್ಕೆ ಹಾಲು ಬಿಟ್ಟು ಮೂರರಿಂದ ನಾಲ್ಕು ಲೀಟರ್, ಎರಡು ಮೂರು ಸಲಕ್ಕೆ ಹಂಚಿ. ಮಲೆನಾಡು ಗಿಡ್ಡದ ಕರು ಇದಕ್ಕಿಂತ ತುಂಬಾ ಚಿಕ್ಕದು, ಅದಕ್ಕೆ ತೂಕ ನೋಡಿ ಕಡಿಮೆ ಮಾಡಿ. ನೀರು ಉಗುರು ಬೆಚ್ಚಗಿರಲಿ.

ಹಾಲು ನಿಲ್ಲಿಸಬೇಕಾ? ಬೇಡ. ಹಳಬರು "ಭೇದಿ ನಿಲ್ಲುವ ತನಕ ಕರುವನ್ನು ಹಾಲಿಗೆ ಬಿಡಬೇಡ" ಅನ್ನುತ್ತಿದ್ದರು. ಹಾಲು ನಿಲ್ಲಿಸಿದರೆ ಕರುವಿಗೆ ಶಕ್ತಿ ಎಲ್ಲಿಂದ ಬರಬೇಕು? ಓಆರ್‌ಎಸ್‌ನಲ್ಲಿ ಇರುವ ಗ್ಲೂಕೋಸ್ ಹೊಟ್ಟೆ ತುಂಬಿಸುವಷ್ಟಿಲ್ಲ. ಹಾಲನ್ನು ಸ್ವಲ್ಪ ಸ್ವಲ್ಪವೇ ಹೆಚ್ಚು ಸಲ ಕೊಡಿ. ಹಾಲಿಗೂ ಓಆರ್‌ಎಸ್‌ಗೂ ಮಧ್ಯೆ ಎರಡು ಗಂಟೆ ಬಿಡಿ, ಯಾಕಂದರೆ ಎರಡನ್ನೂ ಕಲಸಿದರೆ ಹಾಲು ಹೊಟ್ಟೆಯಲ್ಲಿ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ.

ಚೀಪುವ ಶಕ್ತಿಯೇ ಇಲ್ಲದ, ಮಲಗಿಬಿಟ್ಟ ಕರುವಿಗೆ ಬಾಯಿಂದ ನೀರು ಸಾಲುವುದಿಲ್ಲ. ಅದಕ್ಕೆ ಡ್ರಿಪ್ ಬೇಕು, ಆಮ್ಲ ತಗ್ಗಿಸಲು ಬೈಕಾರ್ಬನೇಟ್ ಬೇಕಾಗಬಹುದು. ಡಾಕ್ಟರ್ ಮಾಡಬೇಕಾದ ಕೆಲಸ.

ಈಗ ಬೋಲಸ್ಸಿಗೆ ಬರೋಣ

ಬಾಯಿಂದ ಕೊಡುವ ಔಷಧಿಗಳೆಲ್ಲ ಒಂದೇ ಅಲ್ಲ. ಅಂಗಡಿಯಲ್ಲಿ ನಿಮಗೆ ಸಿಗುವ ಬಗೆಗಳನ್ನು ಒಂದೊಂದಾಗಿ ನೋಡೋಣ.

ಸಲ್ಫಾ ಬೋಲಸ್, ಅಂದರೆ ಸಲ್ಫಾಡಿಮಿಡಿನ್ ತರಹದ್ದು, ಹಳೆಯ ಔಷಧಿ, ಬೆಲೆ ಕಡಿಮೆ. ಇದರ ಒಳ್ಳೆಯ ಗುಣ ಅಂದರೆ ಕೆಲವು ಬ್ಯಾಕ್ಟೀರಿಯಾಗಳ ಮೇಲೂ ಕಾಕ್ಸಿಡಿಯಾ ಮೇಲೂ ಕೆಲಸ ಮಾಡುತ್ತದೆ. ಅದಕ್ಕೇ ಒಂದು ತಿಂಗಳು ದಾಟಿದ ಕರುವಿನ ರಕ್ತಭೇದಿಗೆ ಡಾಕ್ಟರುಗಳು ಇದನ್ನು ಈಗಲೂ ಬರೆಯುತ್ತಾರೆ. ಮೊದಲ ದಿನ ಹೆಚ್ಚು ಪ್ರಮಾಣ, ಮರುದಿನದಿಂದ ಅದರ ಅರ್ಧ, ಹೀಗೆ ಕೊಡುವ ಕ್ರಮ. ತೊಂದರೆ ಏನಂದರೆ, ಮೈಯಲ್ಲಿ ನೀರು ಕಡಿಮೆ ಇದ್ದಾಗ ಸಲ್ಫಾ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಭೇದಿ ಆದ ಕರುವಿನಲ್ಲಿ ನೀರೇ ಇರುವುದಿಲ್ಲ ಅಲ್ವಾ? ಹಾಗಾಗಿ ನೀರು ತುಂಬಿಸದೆ ಸಲ್ಫಾ ಕೊಡುವುದು ಕರುವಿಗೆ ಎರಡು ಕಡೆಯಿಂದ ಹೊಡೆತ. ಸಲ್ಫಾ ಆಯ್ಕೆ ಮಾಡಿದರೆ ಓಆರ್‌ಎಸ್ ಜೊತೆಗೇ ಅಂತ ಇಟ್ಟುಕೊಳ್ಳಿ.

ನಿಯೋಮೈಸಿನ್ ಪುಡಿ ಇನ್ನೊಂದು. ಇದು ಕರುಳಿನಿಂದ ರಕ್ತಕ್ಕೆ ಸೇರುವುದೇ ಇಲ್ಲ ಅನ್ನಬಹುದು. ಕರುಳಿನೊಳಗೆ ಮಾತ್ರ ಕೆಲಸ. ಮೊದಲ ವಾರದ ಇ-ಕೋಲೈ ಭೇದಿಯಲ್ಲಿ ರೋಗಾಣು ಕರುಳಿನ ಗೋಡೆಗೆ ಅಂಟಿಕೊಂಡಿರುತ್ತದೆ, ಅಲ್ಲಿ ಇದು ತಲುಪುತ್ತದೆ ನಿಜ. ಆದರೆ ರೋಗಾಣು ಆಗಲೇ ರಕ್ತಕ್ಕೆ ನುಗ್ಗಿದ್ದರೆ ಇದರಿಂದ ಉಪಯೋಗ ಇಲ್ಲ. ಇನ್ನೊಂದು ಮಾತು: ನಿಯೋಮೈಸಿನ್, ಟೆಟ್ರಾಸೈಕ್ಲಿನ್ ಇವನ್ನು ಬಾಯಿಂದ ಹೆಚ್ಚು ದಿನ ಕೊಟ್ಟರೆ ಕರುಳಿನ ಒಳಪದರವೇ ಹಾಳಾಗಿ, ಆಹಾರ ಹೀರಿಕೊಳ್ಳದೆ, ಔಷಧಿಯೇ ಭೇದಿಗೆ ಕಾರಣ ಆಗುತ್ತದೆ. ಐದು ದಿನ ಆಯಿತು, ಭೇದಿ ನಿಂತಿಲ್ಲ, ಇನ್ನೊಂದು ಐದು ದಿನ ಕೊಡೋಣ ಅಂತ ಮುಂದುವರಿಸುವವರು ಇದನ್ನು ಗಮನಿಸಬೇಕು.

ಟೆಟ್ರಾಸೈಕ್ಲಿನ್ ಬಾಯಿಂದ ಕೊಡುವುದು ನನಗೆ ಇಷ್ಟ ಇಲ್ಲದ ಆಯ್ಕೆ. ಹಾಲಿನ ಕ್ಯಾಲ್ಸಿಯಂ ಜೊತೆ ಸೇರಿ ಕಟ್ಟಿಕೊಳ್ಳುತ್ತದೆ, ಅರ್ಧಕ್ಕರ್ಧ ರಕ್ತಕ್ಕೆ ಹೋಗುವುದೇ ಇಲ್ಲ. ಹಾಲು ಕುಡಿಯುವ ಕರುವಿಗೆ ಇದನ್ನು ಹಾಲಿನಲ್ಲೇ ಕಲಸಿ ಕೊಡುವುದು ತೀರಾ ತಪ್ಪು ದಾರಿ.

ನಾರ್‌ಫ್ಲಾಕ್ಸಾಸಿನ್, ಮೆಟ್ರೋನಿಡಜೋಲ್, ಟಿನಿಡಜೋಲ್ ಇಂಥವನ್ನು ಎರಡೆರಡು ಸೇರಿಸಿದ ಬೋಲಸ್‌ಗಳು ನಮ್ಮ ಕಡೆ ತುಂಬಾ ಓಡುತ್ತವೆ. ಏನು ರೋಗ ಅಂತ ಗೊತ್ತಿಲ್ಲದಿದ್ದಾಗ ಎರಡೂ ಇರಲಿ ಅನ್ನುವ ಲೆಕ್ಕ. ಈ ಲೆಕ್ಕ ನನಗೆ ಒಪ್ಪಿಗೆ ಇಲ್ಲ. ಇವು ಮನುಷ್ಯರಿಗೆ ಬೇಕಾದ ಔಷಧಿಗಳ ಗುಂಪಿನವು. ಮೆಟ್ರೋನಿಡಜೋಲನ್ನು ಹಾಲು, ಮಾಂಸ ಕೊಡುವ ಪ್ರಾಣಿಗಳಿಗೆ ಕೊಡಬಾರದು ಅಂತ ಯೂರೋಪು, ಅಮೆರಿಕಗಳಲ್ಲಿ ನಿಷೇಧವೇ ಇದೆ. ಕೊಟ್ಟಿಗೆಯಲ್ಲಿ ಇದಕ್ಕೆ ಬಗ್ಗದ ರೋಗಾಣು ಹುಟ್ಟಿಕೊಂಡರೆ ಅದು ಸಗಣಿಯ ಮೂಲಕ ಕೈಗೆ, ಕೈಯಿಂದ ಮನೆಯೊಳಗೆ ಬರುತ್ತದೆ. ಅಂಗಡಿಯಿಂದ ನೇರವಾಗಿ ತಂದು ಕೊಡುವ ಔಷಧಿ ಇದಲ್ಲ.

ಇನ್ನು ಕೆಲವು ಹೆಸರು ಕೇಳಿದರೆ ತಿರುಗಿ ಬಂದುಬಿಡಿ. ಕೊಲಿಸ್ಟಿನ್: ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಇದರ ಬಳಕೆಯನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ಹಿಡಿಯದಿದ್ದಾಗ ಕೊನೆಗೆ ಉಳಿಯುವ ಔಷಧಿಗಳಲ್ಲಿ ಅದೂ ಒಂದು. ಫ್ಯುರಾಜೋಲಿಡೋನ್ ಮತ್ತು ಆ ಗುಂಪಿನ ನೈಟ್ರೋಫ್ಯುರಾನ್‌ಗಳು, ಜೊತೆಗೆ ಕ್ಲೋರಾಂಫೆನಿಕಾಲ್: ಇವಕ್ಕೂ 2025ರಲ್ಲಿ ನಿಷೇಧ ಬಂತು. ಹಿಂದೆ ಭೇದಿಗೆ ಫ್ಯುರಾಜೋಲಿಡೋನ್ ಅಂದರೆ ಮನೆಮಾತಾಗಿತ್ತು. ಹಳೆಯ ಸ್ಟಾಕ್ ಎಲ್ಲಾದರೂ ಉಳಿದಿದ್ದರೆ ತರಬೇಡಿ, ಕೊಟ್ಟಿಗೆಯ ಗೂಡಿನಲ್ಲಿ ಇದ್ದರೆ ಬಳಸಬೇಡಿ.

ಮನುಷ್ಯರು ಭೇದಿ ನಿಲ್ಲಿಸಲು ತೆಗೆದುಕೊಳ್ಳುವ ಲೋಪೆರಮೈಡ್ ಮಾತ್ರೆ ಕೂಡ ಬೇಡ. ಕರುಳಿನ ಚಲನೆ ನಿಲ್ಲಿಸಿದರೆ ವಿಷ ಒಳಗೇ ಉಳಿಯುತ್ತದೆ, ಅಷ್ಟೇ.

ಇಂಜೆಕ್ಷನ್ ಯಾವಾಗ ಮೇಲು

ತೀವ್ರವಾಗಿ ಸೊರಗಿದ ಭೇದಿ ಕರುಗಳನ್ನು ಪರೀಕ್ಷೆ ಮಾಡಿದಾಗ ಹೆಚ್ಚು ಕಡಿಮೆ ಮೂರರಲ್ಲಿ ಒಂದರ ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದೆ ಅಂತ ಅಧ್ಯಯನಗಳು ಹೇಳುತ್ತವೆ. ಅಂದರೆ ರೋಗ ಕರುಳಿನಲ್ಲಿ ಮಾತ್ರ ಇಲ್ಲ, ಮೈಯೆಲ್ಲಾ ಹರಡಿದೆ. ಅಂಥ ಕರುವಿನ ಕರುಳು ಔಷಧಿಯನ್ನು ಹೀರುವ ಸ್ಥಿತಿಯಲ್ಲೂ ಇರುವುದಿಲ್ಲ. ಬೋಲಸ್ ನುಂಗಿಸಿದರೆ ಅದು ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಬರುತ್ತದೆ. ಜ್ವರ, ಹಾಲು ಬಿಟ್ಟಿರುವುದು, ಮಂಕು ಇವು ಇದ್ದರೆ ಇಂಜೆಕ್ಷನ್ನೇ ಸರಿ ಅಂತ ನಾನು ಹೇಳುವುದು ಈ ಕಾರಣಕ್ಕೆ. ಹೊಕ್ಕುಳು ಊದಿದ್ದರೆ, ಮಂಡಿ ಗಂಟು ಊದಿದ್ದರೆ ಇನ್ನೂ ಖಚಿತ. ಯಾವ ಇಂಜೆಕ್ಷನ್, ಎಷ್ಟು ದಿನ ಅನ್ನುವುದು ಡಾಕ್ಟರಿಗೆ ಬಿಟ್ಟದ್ದು. ಒಂದು ದಿನ ಹಾಕಿಸಿ, ಕರು ಎದ್ದಿತು ಅಂತ ಎರಡನೇ ದಿನ ನಿಲ್ಲಿಸಬೇಡಿ.

ಆಂಟಿಬಯೋಟಿಕ್ ಅಲ್ಲದ ಎರಡು ಔಷಧಿ

ರಕ್ತಭೇದಿಯನ್ನು ಕಂಡು ಹೆದರಿ ಜೋರಾದ ಆಂಟಿಬಯೋಟಿಕ್ ಕೊಡುತ್ತಾರೆ, ಕಾಯಿಲೆ ಕಾಕ್ಸಿಡಿಯಾ ಆಗಿರುತ್ತದೆ. ಇದಕ್ಕೆ ಸಲ್ಫಾ ಬಿಟ್ಟರೆ ಆಂಪ್ರೋಲಿಯಂ ಇದೆ. ಕಿಲೋ ತೂಕಕ್ಕೆ 10 ಮಿಲಿಗ್ರಾಂ, ಐದು ದಿನ ಅನ್ನುವುದು ಎಲ್ಲ ಕಡೆ ಒಪ್ಪಿದ ಪ್ರಮಾಣ. 50 ಕಿಲೋ ಕರುವಿಗೆ ದಿನಕ್ಕೆ 500 ಮಿಲಿಗ್ರಾಂ ಔಷಧಿ ಆಯಿತು, ಶೇ. 20ರ ಪುಡಿ ಆದರೆ ಎರಡೂವರೆ ಗ್ರಾಂ ಪುಡಿ. ಪೊಟ್ಟಣದ ಮೇಲೆ ಶೇಕಡಾ ಎಷ್ಟು ಅಂತ ನೋಡದೆ ಚಮಚ ಲೆಕ್ಕದಲ್ಲಿ ಹಾಕಬೇಡಿ. ಆಂಪ್ರೋಲಿಯಂ ಬಿ1 ಜೀವಸತ್ವದ ಹಾಗೆ ನಟಿಸಿ ಕಾಕ್ಸಿಡಿಯಾವನ್ನು ಸಾಯಿಸುತ್ತದೆ. ಹೆಚ್ಚು ಪ್ರಮಾಣ, ಹೆಚ್ಚು ದಿನ ಕೊಟ್ಟರೆ ಕರುವಿಗೇ ಬಿ1 ಕೊರತೆ ಆಗಿ ಮೆದುಳಿಗೆ ಏಟು ಬೀಳುತ್ತದೆ. ರಕ್ತ ಕಾಣುವ ಹೊತ್ತಿಗೆ ಕರುಳಿಗೆ ಹಾನಿ ಆಗಿ ಮುಗಿದಿರುತ್ತದೆ ಅನ್ನುವುದನ್ನೂ ನೆನಪಿಡಿ. ಹಾಗಾಗಿ ಒಂದು ಕರುವಿಗೆ ಬಂದರೆ ಅದರ ಜೊತೆ ಕಟ್ಟಿದ ಉಳಿದ ಕರುಗಳ ಬಗ್ಗೆ ಅವತ್ತೇ ಡಾಕ್ಟರ್ ಹತ್ತಿರ ಮಾತಾಡುವುದು ಲಾಭ.

ಎರಡನೆಯದು ಜಂತುಹುಳುವಿನ ಔಷಧಿ. ಎಮ್ಮೆ ಕರುಗಳಲ್ಲಿ ದೊಡ್ಡ ಬಿಳಿ ದುಂಡು ಹುಳು ತಾಯಿಯ ಹಾಲಿನಿಂದಲೇ ಬರುತ್ತದೆ. ಕೊಟ್ಟಿಗೆ ಎಷ್ಟು ಸ್ವಚ್ಛ ಇದ್ದರೂ ಬರುತ್ತದೆ, ಯಾಕಂದರೆ ಮರಿಹುಳುಗಳು ತಾಯಿಯ ಮೈಯಲ್ಲಿ ಅಡಗಿದ್ದು ಕರು ಹಾಕಿದ ಮೇಲೆ ಹಾಲಿಗೆ ಇಳಿಯುತ್ತವೆ. ಜೇಡಿಮಣ್ಣಿನ ಬಣ್ಣದ, ಕೆಟ್ಟ ವಾಸನೆಯ ಸಗಣಿ, ಡೊಳ್ಳು ಹೊಟ್ಟೆ, ಒರಟು ಕೂದಲು. ಹತ್ತರಿಂದ ಹದಿನಾರು ದಿನದ ಒಳಗೆ ಪಿಪರಜಿನ್, ಪೈರಾಂಟೆಲ್ ಇಲ್ಲವೇ ಫೆನ್‌ಬೆಂಡಜೋಲ್ ತರಹದ ಹುಳುವಿನ ಔಷಧಿ ಕೊಟ್ಟರೆ ಹುಳು ದೊಡ್ಡದಾಗುವ ಮೊದಲೇ ಹೋಗುತ್ತದೆ. ಇಂಥ ಕರುವಿಗೆ ವಾರಗಟ್ಟಲೆ ಆಂಟಿಬಯೋಟಿಕ್ ಕೊಟ್ಟು ಕೊನೆಗೆ ಕರುವನ್ನೇ ಕಳೆದುಕೊಳ್ಳುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇವೆರಡನ್ನೂ ಪತ್ತೆ ಮಾಡಲು ದೊಡ್ಡ ಪರೀಕ್ಷೆ ಬೇಡ. ಸೂಕ್ಷ್ಮದರ್ಶಕದಲ್ಲಿ ಸಗಣಿ ನೋಡಿದರೆ ಸಾಕು. ನೆಲದ ಮೇಲಿನದಲ್ಲ, ಈಗ ತಾನೇ ಹಾಕಿದ ಸಗಣಿಯನ್ನು ಚಿಕ್ಕ ಡಬ್ಬಿಯಲ್ಲಿ ತೆಗೆದುಕೊಂಡು ಪಶು ಆಸ್ಪತ್ರೆಗೆ ಹೋಗಿ. ಒಂದೇ ಕೊಟ್ಟಿಗೆಯಲ್ಲಿ ಸಾಲು ಸಾಲಾಗಿ ಕರುಗಳು ಬೀಳುತ್ತಿದ್ದರೆ ಮಾದರಿಯನ್ನು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಕಳಿಸಲು ಆಗುತ್ತದಾ ಅಂತ ಡಾಕ್ಟರನ್ನು ಕೇಳಿ.

ದೊಡ್ಡ ಹಸುವಿಗೆ ಲೆಕ್ಕವೇ ಬೇರೆ

ಕರುವಿಗೆ ಹೇಳಿದ್ದನ್ನು ಹಸುವಿಗೆ ಹಾಕಬೇಡಿ. ಹಾಲು ಕುಡಿಯುವ ಕರುವಿನಲ್ಲಿ ಮೆಲುಕು ಚೀಲ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ, ಬಾಯಿಂದ ಕುಡಿಸಿದ್ದು ನೇರವಾಗಿ ನಿಜವಾದ ಹೊಟ್ಟೆಗೆ ಹೋಗುವ ದಾರಿ ಇದೆ. ಹಸುವಿನಲ್ಲಿ ಮೊದಲು ಸಿಗುವುದೇ ಮೆಲುಕು ಚೀಲ. ಅದರಲ್ಲಿ ನೂರು ಲೀಟರಿನ ಆಸುಪಾಸು ಮೇವು, ನೀರು, ಮತ್ತು ಲೆಕ್ಕ ಇಲ್ಲದಷ್ಟು ಒಳ್ಳೆಯ ಸೂಕ್ಷ್ಮಜೀವಿಗಳು. ಹಸು ಹುಲ್ಲು ತಿಂದು ಬದುಕುವುದು ಆ ಸೂಕ್ಷ್ಮಜೀವಿಗಳಿಂದ. ಬಾಯಿಂದ ಹಾಕಿದ ಆಂಟಿಬಯೋಟಿಕ್ ಅಷ್ಟು ದೊಡ್ಡ ಚೀಲದಲ್ಲಿ ತೆಳುವಾಗುತ್ತದೆ, ಕೆಲವು ಔಷಧಿಗಳು ಅಲ್ಲೇ ಕೆಟ್ಟು ಹೋಗುತ್ತವೆ (ಟ್ರೈಮೆಥೋಪ್ರಿಮ್ ಹೀಗೇ), ಉಳಿದದ್ದು ಒಳ್ಳೆಯ ಜೀವಿಗಳನ್ನು ಕೊಲ್ಲುತ್ತದೆ. ಮೆಲುಕು ನಿಲ್ಲುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಹಾಗಾಗಿ ದೊಡ್ಡ ದನಕ್ಕೆ ಭೇದಿ ಅಂತ ಆಂಟಿಬಯೋಟಿಕ್ ಬೋಲಸ್ ನುಂಗಿಸುವುದಕ್ಕೆ ನಾನು ಪೂರ್ತಿ ವಿರೋಧ.

ಅಲ್ಲದೆ ಹಸುವಿನ ಭೇದಿಗೆ ಕಾರಣಗಳು ಬೇರೆಯೇ ಇರುತ್ತವೆ. ಮದುವೆ ಮನೆಯ ಉಳಿದ ಅನ್ನ, ಪಾಯಸ ಬಕೆಟ್‌ಗಟ್ಟಲೆ ಸುರಿದದ್ದು, ಕಣದಲ್ಲಿ ಜೋಳಕ್ಕೆ ಬಾಯಿ ಹಾಕಿದ್ದು: ಇದು ಆಮ್ಲದ ತೊಂದರೆ. ಇದಕ್ಕೆ ಅಡುಗೆ ಸೋಡ, ಡಾಕ್ಟರು, ಬೇಕಾದರೆ ಡ್ರಿಪ್. ಗದ್ದೆ, ಕೆರೆ ಬದಿಯಲ್ಲಿ ಮೇಯುವ ದನಕ್ಕೆ, ಮಲೆನಾಡು ಕರಾವಳಿ ಕಡೆ ಜಾಸ್ತಿ, ಬಸವನಹುಳುವಿನ ಮೂಲಕ ಬರುವ ಚಪ್ಪಟೆ ಹುಳುಗಳಿಂದ ಭೇದಿ ಆಗುತ್ತದೆ, ಗದ್ದದ ಕೆಳಗೆ ನೀರು ತುಂಬಿದಂತೆ ಊದಿಕೊಳ್ಳುತ್ತದೆ. ಅದಕ್ಕೆ ಆಕ್ಸಿಕ್ಲೋಜಾನೈಡ್ ತರಹದ ಔಷಧಿ ಬೇಕು, ಆಂಟಿಬಯೋಟಿಕ್ ಅಲ್ಲ. ಚೆನ್ನಾಗಿ ತಿನ್ನುತ್ತದೆ, ಜ್ವರ ಇಲ್ಲ, ಆದರೂ ತಿಂಗಳುಗಟ್ಟಲೆ ಭೇದಿ, ಮೈ ಇಳಿಯುತ್ತಲೇ ಇದೆ ಅಂದರೆ ಜೋನ್ಸ್ ಕಾಯಿಲೆ ಇರಬಹುದು. ಅದನ್ನು ಗುಣ ಮಾಡುವ ಔಷಧಿ ಇಲ್ಲ. ಬೋಲಸ್ ಮೇಲೆ ಬೋಲಸ್ ಕೊಡುವ ಬದಲು ಪರೀಕ್ಷೆ ಮಾಡಿಸಿ, ಕರುಗಳನ್ನು ಅದರ ಸಗಣಿಯಿಂದ ದೂರ ಇಡಿ. ಹಸುವಿಗೆ ಜೋರು ಜ್ವರದ ಜೊತೆ ರಕ್ತಭೇದಿ ಆದರೆ ಅದೇ ದಿನ ಡಾಕ್ಟರ್ ಬರಬೇಕು.

ಹೇಗೋ ಆಂಟಿಬಯೋಟಿಕ್ ಹೋಗಿ ಮೆಲುಕು ನಿಂತಿದೆ ಅಂದರೆ ಆರೋಗ್ಯವಂತ ಹಸುವಿನ ಮೆಲುಕು ಚೀಲದ ರಸವನ್ನು ಕುಡಿಸುವ ಕ್ರಮ ಇದೆ, ಯೀಸ್ಟ್ ಬೋಲಸ್‌ಗಳೂ ಇವೆ. ಡಾಕ್ಟರನ್ನು ಕೇಳಿ.

ಮನೆಮದ್ದು

ಮೆಂತ್ಯ, ಜೀರಿಗೆ, ಅರಿಶಿನ, ಮೆಣಸು, ಈರುಳ್ಳಿ, ಬೆಳ್ಳುಳ್ಳಿ, ಕರಿಬೇವು, ಇಂಗು, ಬೆಲ್ಲ ಅರೆದು ಕೊಡುವ ಉಂಡೆಯನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೂ ಭೇದಿಗೆ ಹೇಳುತ್ತದೆ. ಜ್ವರ ಇಲ್ಲದ, ಮೇವು ತಿನ್ನುವ ದೊಡ್ಡ ದನಕ್ಕೆ ಇದನ್ನು ಕೊಡಬಹುದು, ನನಗೆ ಅಭ್ಯಂತರ ಇಲ್ಲ. ಹತ್ತು ದಿನದ ಕರು ಕಣ್ಣು ಗುಳಿ ಬಿದ್ದು ಮಲಗಿರುವಾಗ ಇದನ್ನು ಅರೆಯುತ್ತಾ ಕೂರಬೇಡಿ, ಆ ಹೊತ್ತಿನಲ್ಲಿ ನೀರು ಬೇಕು.

ತೂಕ, ಗೊಟ್ಟ, ಹಾಲು

ಯಾವ ಔಷಧಿ ಆದರೂ ತೂಕ ಬೇಕು. ತಕ್ಕಡಿ ಇಲ್ಲದಿದ್ದರೆ ಟೇಪಿನಲ್ಲಿ ಮುಂಗಾಲ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮೂಳೆಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 30, ಉದ್ದ 26 ಇದ್ದರೆ ಸುಮಾರು 35 ಕಿಲೋ. ಅಂದಾಜು ಲೆಕ್ಕ, ಆದರೆ ಕಣ್ಣಳತೆಗಿಂತ ಎಷ್ಟೋ ವಾಸಿ. ಕಡಿಮೆ ಪ್ರಮಾಣದ ಆಂಟಿಬಯೋಟಿಕ್ ರೋಗಾಣುವನ್ನು ಕೊಲ್ಲುವುದಿಲ್ಲ, ಔಷಧಿಗೆ ಬಗ್ಗದ ರೋಗಾಣುಗಳನ್ನು ಮಾತ್ರ ಉಳಿಸುತ್ತದೆ.

ಗೊಟ್ಟದಲ್ಲಿ (ಔಷಧಿ ಕುಡಿಸುವ ಕೊಳವೆ) ಕುಡಿಸುವಾಗ ತಲೆಯನ್ನು ಆಕಾಶಕ್ಕೆ ಎತ್ತಿ ಹಿಡಿಯುವುದು, ನಾಲಿಗೆ ಹೊರಗೆ ಎಳೆಯುವುದು ನೋಡಿದರೆ ನನಗೆ ಭಯ ಆಗುತ್ತದೆ. ನಾಲಿಗೆ ಹಿಡಿದರೆ ನುಂಗಲು ಆಗುವುದಿಲ್ಲ, ಔಷಧಿ ಶ್ವಾಸಕೋಶಕ್ಕೆ ಹೋಗುತ್ತದೆ. ಭೇದಿಯಿಂದ ಬದುಕಬೇಕಾದ ಕರು ನ್ಯುಮೋನಿಯಾದಿಂದ ಸಾಯುತ್ತದೆ. ಮೂತಿ ಕಣ್ಣಿನ ಮಟ್ಟಕ್ಕೆ ಬಂದರೆ ಸಾಕು. ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪ ಹಾಕಿ, ಕೆಮ್ಮಿದರೆ ಕೂಡಲೇ ತಲೆ ಬಿಡಿ. ಚೀಪುವ ಕರುವಿಗೆ ನಿಪ್ಪಲ್ ಬಾಟಲಿಯೇ ಒಳ್ಳೆಯದು.

ಹಾಲು ಕೊಡುವ ಹಸುವಿಗೆ ಆಂಟಿಬಯೋಟಿಕ್ ಹೋಗಿದ್ದರೆ ಹಾಲನ್ನು ಡೇರಿಗೆ ಹಾಕಬಾರದು, ಮನೆಗೂ ಬಳಸಬಾರದು. ಎಷ್ಟು ದಿನ ಅನ್ನುವುದು ಲೇಬಲ್ ಮೇಲೆ ಇರುತ್ತದೆ. ಲೇಬಲ್ ಮೇಲೆ ಬರೆದಿಲ್ಲದಿದ್ದರೆ 2012ರಲ್ಲಿ ಬಂದ ನಿಯಮದ ಪ್ರಕಾರ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ. ಒಂದು ಹಸುವಿನ ಹಾಲು ಕ್ಯಾನಿಗೆ ಸೇರಿದರೆ ಇಡೀ ಊರಿನ ಹಾಲಿಗೆ ಸೇರಿದ ಹಾಗೆ, ಅದನ್ನು ಕುಡಿಯುವವರಲ್ಲಿ ಎಳೆ ಮಕ್ಕಳೂ ಇರುತ್ತಾರೆ.

ಗಿಣ್ಣಿನ ಬಗ್ಗೆಯೂ ಹೇಳಲೇಬೇಕು, ಯಾಕಂದರೆ ಇಷ್ಟು ಔಷಧಿಗಳ ಪಟ್ಟಿಯಲ್ಲಿ ಅದಕ್ಕೆ ಸಮನಾದದ್ದು ಇಲ್ಲ. ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅದು ಗಿಣ್ಣು ಹಾಲಿನಿಂದಲೇ ಬರಬೇಕು, ಕರುಳು ಅದನ್ನು ಹೀರುವ ಬಾಗಿಲು ಒಂದು ದಿನದೊಳಗೆ ಮುಚ್ಚಿಹೋಗುತ್ತದೆ. ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣು, 30 ಕಿಲೋ ಕರುವಿಗೆ ಮೂರು ಲೀಟರ್, ಮೊದಲ ಆರು ಗಂಟೆಯೊಳಗೆ, ಅದರಲ್ಲೂ ಅರ್ಧ ಮೊದಲ ಎರಡು ಗಂಟೆಯಲ್ಲಿ ಹೊಟ್ಟೆಗೆ ಹೋಗಲಿ. ಸತ್ತೆ (ಮಾಸು) ಬೀಳುವ ತನಕ ಕರುವಿಗೆ ಕುಡಿಸಬಾರದು ಅನ್ನುವ ನಂಬಿಕೆ ಇನ್ನೂ ಕೆಲವು ಕಡೆ ಇದೆ, ದಯವಿಟ್ಟು ಅದನ್ನು ಬಿಡಿ. ಅಕ್ಕಪಕ್ಕದವರಿಗೆ ಗಿಣ್ಣು ಮಾಡಿ ಹಂಚುವುದು ನಮ್ಮ ಸಂತೋಷ, ಹಂಚಿ, ಆದರೆ ಕರುವಿನ ಪಾಲು ಮುಗಿದ ಮೇಲೆ.

ಭೇದಿ ಆದ ಕರುವನ್ನು ಬೇರೆ ಕಟ್ಟಿ, ಅದನ್ನು ಕೊನೆಗೆ ನೋಡಿಕೊಳ್ಳಿ, ಕೈಯನ್ನು ಸೋಪಿನಿಂದ ತೊಳೆಯಿರಿ. ಸಾಲ್ಮೊನೆಲ್ಲಾ, ಕ್ರಿಪ್ಟೋಸ್ಪೊರಿಡಿಯಂ ಎರಡೂ ಮನುಷ್ಯರಿಗೆ ಬರುತ್ತವೆ. ಮಕ್ಕಳನ್ನು ಆ ಕರುವಿನ ಹತ್ತಿರ ಬಿಡಬೇಡಿ.

ಪಶು ಆಸ್ಪತ್ರೆ ದೂರ ಇದ್ದರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಇರುವ ಉಚಿತ ನಂಬರ್ ಅದು. ಫೋನ್ ಮಾಡುವ ಮೊದಲು ಕರುವಿನ ವಯಸ್ಸು, ಅಂದಾಜು ತೂಕ, ಜ್ವರ ಎಷ್ಟು, ಬೆರಳು ಚೀಪುತ್ತದಾ, ರಕ್ತ ಇದೆಯಾ, ಭೇದಿ ಯಾವಾಗ ಶುರುವಾಯಿತು, ಏನೇನು ಔಷಧಿ ಕೊಟ್ಟಾಗಿದೆ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕೊಟ್ಟ ಬೋಲಸ್ಸಿನ ಖಾಲಿ ಪೊಟ್ಟಣವನ್ನು ಬಿಸಾಡಬೇಡಿ, ಡಾಕ್ಟರ್ ಬಂದಾಗ ತೋರಿಸಿ.